ಯಾವ ಹಕ್ಕಿಗೆ ಯಾವ ಚರೆ

ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಸ್ಟಟ್‌ಗಾರ್ಟ್ ಎಂಬ ಸಣ್ಣ ಊರಿದೆ. ಸುತ್ತ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ, ಗದ್ದೆಯಾಚೆ ಓಕ್ ಮರಗಳ ತಗ್ಗು ಕಾಡು. ಚಳಿಗಾಲದಲ್ಲಿ ಆ ಕಾಡಿನೊಳಗೆ ನೀರು ನಿಲ್ಲುತ್ತದೆ. ಕೆನಡಾದ ಹುಲ್ಲುಗಾವಲಿನಲ್ಲಿ ಮರಿ ಮಾಡಿದ ಮಲ್ಲಾರ್ಡ್ ಬಾತುಗಳು ಮಿಸಿಸಿಪಿ ಕಣಿವೆಯ ದಾರಿ ಹಿಡಿದು ಬಂದು, ಮರಗಳ ನಡುವಿನ ಆ ನೀರಿಗಿಳಿದು ಓಕ್ ಕಾಯಿ ತಿನ್ನುತ್ತವೆ. ಬಾತಿನ ಕೂಗನ್ನು ಅನುಕರಿಸುವ ಸ್ಪರ್ಧೆ ಅಲ್ಲಿ 1936ರಿಂದ ನಡೆದುಬಂದಿದೆ. ಬೇಟೆಯ ಕಾಲ ಶುರುವಾಗುವ ನವೆಂಬರಿನಲ್ಲಿ ಅಂಥ ಊರುಗಳ ಅಂಗಡಿಗಳಲ್ಲಿ ತೋಟಾದ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಪೇರಿಸಿರುತ್ತಾರೆ. ಪೆಟ್ಟಿಗೆಯ ಮೇಲೆ ಒಂದಷ್ಟು ಅಂಕಿಗಳು: 12, 3, 1¼, 1,450, 2. ಪಕ್ಕದಲ್ಲಿ ‘ಸ್ಟೀಲ್’ ಎಂಬ ಮಾತು.

ಹನ್ನೆರಡು ಎಂದರೆ ನಳಿಗೆಯ ಗೇಜು. ಮೂರು ಎಂದರೆ ತೋಟಾದ ಉದ್ದ, ಇಂಚಿನಲ್ಲಿ. ಒಂದೂಕಾಲು ಒಳಗಿರುವ ಚರೆಯ, ಅಂದರೆ ಸಣ್ಣ ಗುಂಡುಗಳ ತೂಕ, ಔನ್ಸಿನಲ್ಲಿ. ಮುಂದಿನದು ಚರೆ ನಳಿಗೆ ಬಿಡುವಾಗಿನ ವೇಗ, ಸೆಕೆಂಡಿಗೆ ಇಷ್ಟು ಅಡಿ ಎಂದು. ಕೊನೆಯ ಅಂಕಿ ಚರೆಯ ನಂಬರು. ಈ ಸಾಲನ್ನು ಸರಿಯಾಗಿ ಓದಬಲ್ಲವನು ಆರಿಸಿದ ತೋಟಾ ಹಕ್ಕಿಯನ್ನು ಗಾಳಿಯಲ್ಲೇ ಕೊಂದು ಕೆಡವುತ್ತದೆ. ಓದದೆ ಅಗ್ಗದ್ದನ್ನೋ ಅಬ್ಬರದ್ದನ್ನೋ ಕೊಂಡವನ ಹಕ್ಕಿ ಮೈತುಂಬ ಚರೆ ಹೊತ್ತು ಹಾರಿಹೋಗಿ ಎಲ್ಲೋ ಜೊಂಡಿನ ನಡುವೆ ದಿನಗಟ್ಟಲೆ ನರಳುತ್ತದೆ. ಹಕ್ಕಿ ಬೇಟೆ ಸರಿಯೋ ತಪ್ಪೋ ಎಂಬ ವಾದ ಒಂದು ಕಡೆಗಿರಲಿ. ಬೇಟೆ ಕಾನೂನುಬದ್ಧವಾಗಿರುವ ನಾಡಿನಲ್ಲಿ ಬೇಟೆಗಾರನ ನೀತಿಯ ಮೊದಲ ಪರೀಕ್ಷೆ ನಡೆಯುವುದು ತೋಟಾ ಅಂಗಡಿಯಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮಲ್ಲಿ ಬೇಟೆಯ ಬಾಗಿಲು ಮುಚ್ಚಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಬಿಗಿಗೊಳಿಸಿತು. 1991ರ ತಿದ್ದುಪಡಿ ಪರವಾನಗಿ ಪಡೆದು ಬೇಟೆಯಾಡುವ ದಾರಿಯನ್ನೂ ತೆಗೆದುಹಾಕಿತು. ಅದು ಆಗಬೇಕಾದದ್ದೇ ಆಗಿತ್ತು. 1938ರ ನವೆಂಬರ್ 12ರಂದು ಭರತಪುರದ ಕೇವಲಾದೇವ್ ಜೌಗಿನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಮತ್ತು ಅವರ ಸಂಗಡಿಗರು ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದರು. ಆ ಲೆಕ್ಕ ಅಲ್ಲಿನ ಕಲ್ಲಿನ ಮೇಲೆ ಕೊರೆದಿದೆ. ಆದರೂ ಮಲೆನಾಡು, ಕೊಡಗಿನ ಹಳೆಯ ಮನೆಗಳಿಗೆ ಕೋವಿಯ ಭಾಷೆ ಹೊಸದಲ್ಲ. ಕೇಪಿನ ಕೋವಿ, ಜೋಡುನಳಿಗೆ, ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾ, ಹಂದಿಗೆ ಎಲ್‌ಜಿ ಎಂಬ ದಪ್ಪ ಚರೆ, ಹಕ್ಕಿಗೆ ನಾಲ್ಕನೇ ನಂಬರು: ಈ ಮಾತುಗಳನ್ನು ಕೇಳುತ್ತ ಬೆಳೆದವರು ನಮ್ಮಲ್ಲಿ ಇನ್ನೂ ಇದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರುವ ಪಟ್ಟೆತಲೆ ಹೆಬ್ಬಾತು, ನಮ್ಮ ಬಯಲುಸೀಮೆಯ ಕೆರೆಗಳಿಗೆ ಇಳಿಯುವ ಸೂಜಿಬಾಲದ ಬಾತು ಹಿಮಾಲಯದಾಚೆಯ ನಾಡುಗಳನ್ನು ದಾಟಿ ಬರುತ್ತವೆ. ಅಲ್ಲೆಲ್ಲ ಯಾರು ಯಾವ ಚರೆ ಹಾರಿಸುತ್ತಾರೆಂಬುದು ನಮಗೂ ಸಂಬಂಧಿಸಿದ ಸಂಗತಿ.

ಗೇಜಿನ ಲೆಕ್ಕ ಹಳೆಯದು. ನಳಿಗೆಯ ಒಳಗಾತ್ರಕ್ಕೆ ಸರಿಹೊಂದುವ ಸೀಸದ ಗುಂಡುಗಳು ಎಷ್ಟಾದರೆ ಒಂದು ಪೌಂಡು ತೂಗುತ್ತವೋ ಅಷ್ಟು ಗೇಜು. ಹನ್ನೆರಡು ಗುಂಡಿಗೆ ಪೌಂಡಾದರೆ 12 ಗೇಜ್, ನಳಿಗೆಯ ಅಗಲ ಸುಮಾರು 18.5 ಮಿಲಿಮೀಟರ್. ಇಪ್ಪತ್ತು ಗುಂಡು ಬೇಕಾದರೆ 20 ಗೇಜ್, ಅಗಲ 15.6. ಹೀಗಾಗಿ ಅಂಕಿ ದೊಡ್ಡದಾದಷ್ಟೂ ನಳಿಗೆ ಕಿರಿದು. 20 ಗೇಜಿನ ತೋಟಾವನ್ನು ಹಳದಿ ಬಣ್ಣದಲ್ಲಿ ಮಾಡುವುದಕ್ಕೆ ಕಾರಣವಿದೆ. ಅದು ಕೈತಪ್ಪಿ 12 ಗೇಜಿನ ಕೋವಿಯೊಳಗೆ ಹೋದರೆ ಜಾರಿ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿಯಿದೆಯೆಂದು ಹಿಂದಿನಿಂದ 12ರ ತೋಟಾ ತುಂಬಿ ಹೊಡೆದರೆ ನಳಿಗೆ ಒಡೆಯುತ್ತದೆ, ಅದನ್ನು ಹಿಡಿದ ಎಡಗೈ ಉಳಿಯುವುದಿಲ್ಲ. ಎರಡು ಗೇಜಿನ ತೋಟಾಗಳನ್ನು ಒಂದೇ ಜೇಬಿನಲ್ಲಿಡಬಾರದೆಂದು ಹಿರಿಯ ಬೇಟೆಗಾರರು ಗದರಿಸುವುದು ಇದಕ್ಕೇ. ಉದ್ದದ ವಿಷಯವೂ ಅಷ್ಟೇ ಕಟ್ಟುನಿಟ್ಟು: ಎರಡೂಮುಕ್ಕಾಲು ಇಂಚಿನ ಕೋಣೆಯುಳ್ಳ ಕೋವಿಗೆ ಮೂರಿಂಚಿನ ತೋಟಾ ಹಾಕಕೂಡದು. ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ.

ಚರೆಯ ನಂಬರು ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ಅಮೆರಿಕದ ಲೆಕ್ಕಕ್ಕೆ ಒಂದು ಸುಲಭ ಸೂತ್ರವಿದೆ. ಹದಿನೇಳರಿಂದ ನಂಬರನ್ನು ಕಳೆಯಿರಿ. ಉಳಿದದ್ದು ಚರೆಯ ಅಡ್ಡಳತೆ, ಇಂಚಿನ ನೂರನೇ ಭಾಗಗಳಲ್ಲಿ. 4ನೇ ನಂಬರಾದರೆ ಹದಿಮೂರು, ಅಂದರೆ 3.3 ಮಿಲಿಮೀಟರ್. 2ನೇ ನಂಬರಾದರೆ 3.8. 9ನೇ ನಂಬರು ಬರೀ 2 ಮಿಲಿಮೀಟರಿನ ಕಾಳು. ಇಂಗ್ಲೆಂಡಿನ ಲೆಕ್ಕ ಬೇರೆ. ಅಲ್ಲಿನ 6ನೇ ನಂಬರು 2.6 ಮಿಲಿಮೀಟರ್, ಅಮೆರಿಕದ್ದು 2.8. ಆದ್ದರಿಂದ ಬೇರೆ ದೇಶದ ತೋಟಾ ಕೊಳ್ಳುವವರು ನಂಬರನ್ನು ಬಿಟ್ಟು ಮಿಲಿಮೀಟರ್ ನೋಡುವುದು ಕ್ಷೇಮ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ತೋಟಾದಲ್ಲಿ ಹಿಡಿಸುವ ತೂಕ ಇಷ್ಟೇ ಎಂದು ಗೊತ್ತುಮಾಡಿರುವಾಗ, ಚರೆ ಸಣ್ಣದಾದರೆ ಎಣಿಕೆ ಹೆಚ್ಚುತ್ತದೆ, ದೊಡ್ಡದಾದರೆ ಇಳಿಯುತ್ತದೆ. ಒಂದು ಔನ್ಸ್ ಸೀಸದಲ್ಲಿ 8ನೇ ನಂಬರಿನ ಚರೆ ಸುಮಾರು 410 ಬರುತ್ತವೆ, 6ರದ್ದು 225, 4ರದ್ದು 135. ಹಾರುವ ಹಕ್ಕಿಯನ್ನು ಕೆಡವಲು ಎರಡು ಸಂಗತಿ ಒಟ್ಟಿಗೆ ಕೂಡಿಬರಬೇಕು. ಚರೆಯ ಹರಡುವಿಕೆ ದಟ್ಟವಾಗಿದ್ದು, ಹಕ್ಕಿ ತೂರಿಹೋಗುವಂಥ ಕಿಂಡಿ ಅದರಲ್ಲಿ ಇರಬಾರದು. ತಾಗಿದ ಚರೆ ಗರಿ, ಚರ್ಮ, ಎದೆಯ ಮಾಂಸ ದಾಟಿ ಹೃದಯಕ್ಕೋ ಶ್ವಾಸಕೋಶಕ್ಕೋ ಇಳಿಯಬೇಕು. ಮೊದಲನೆಯದಕ್ಕೆ ಹೆಚ್ಚು ಚರೆ ಬೇಕು, ಎರಡನೆಯದಕ್ಕೆ ದಪ್ಪ ಚರೆ ಬೇಕು. ತೋಟಾ ಆರಿಸುವುದೆಂದರೆ ಈ ಎಳೆದಾಟದಲ್ಲಿ, ಎದುರಿನ ಹಕ್ಕಿಯ ಮೈಕಟ್ಟು ಮತ್ತು ದೂರ ನೋಡಿ, ಒಂದು ಕಡೆ ನಿಲ್ಲುವುದು.

ಲಾವಕ್ಕಿ, ಬೆಳವದಂಥ ಸಣ್ಣ ಮೈಯ ಹಕ್ಕಿಗೆ ಅಮೆರಿಕದವರು ಸೀಸದ 7½ ಅಥವಾ 8ನೇ ನಂಬರು ಬಳಸುತ್ತಾರೆ. ಅಷ್ಟು ಸಣ್ಣ ದೇಹಕ್ಕೆ ಆಳ ಬೇಕಿಲ್ಲ, ದಟ್ಟಣೆ ಬೇಕು. ಗಟ್ಟಿ ಗರಿಯ, ಉದ್ದ ಬಾಲದ ಫೆಸೆಂಟ್ ಹಕ್ಕಿ ನಾಯಿಗೆ ಬೆದರಿ ಏಳುವಾಗ ಬೇಟೆಗಾರನಿಗೆ ಬೆನ್ನು ತೋರಿಸಿ ಹಾರುತ್ತದೆ. ಬೆನ್ನಿನಿಂದ ಎದೆಯವರೆಗೆ ಚರೆ ಸಾಗಬೇಕಾದ್ದರಿಂದ 5 ಅಥವಾ 6. ಬಾತಿನ ಗರಿ ನೀರಿಗೆ ಹೊಂದಿದ ದಟ್ಟ ಹೊದಿಕೆ, ಅದರಡಿ ಕೊಬ್ಬು. ಸೀಸದ ಕಾಲದಲ್ಲಿ ಅದಕ್ಕೆ 4ನೇ ನಂಬರು ರೂಢಿಯಾಗಿತ್ತು. ಹೆಬ್ಬಾತಿಗೆ ಇನ್ನೂ ದಪ್ಪದ್ದು, 2 ಅಥವಾ ಅದಕ್ಕಿಂತ ದಪ್ಪನೆಯ ಬಿಬಿ.

ಹರಡುವಿಕೆಯನ್ನು ಹಿಡಿತದಲ್ಲಿಡುವುದು ಚೋಕ್, ನಳಿಗೆಯ ತುದಿಯಲ್ಲಿ ಮಾಡಿದ ಕಿರಿದಾಗಿಸುವಿಕೆ. ನಲವತ್ತು ಗಜ ದೂರದಲ್ಲಿ ಮೂವತ್ತು ಇಂಚಿನ ವೃತ್ತ ಬರೆದು ಅದರೊಳಗೆ ತೋಟಾದ ಎಷ್ಟು ಪಾಲು ಚರೆ ಬಿತ್ತೆಂದು ಎಣಿಸುತ್ತಾರೆ. ಫುಲ್ ಚೋಕಿಗೆ ನೂರಕ್ಕೆ 70, ಮಾಡಿಫೈಡ್‌ಗೆ 60, ಇಂಪ್ರೂವ್ಡ್ ಸಿಲಿಂಡರಿಗೆ 50 ಎಂಬುದು ವಾಡಿಕೆಯ ಅಳತೆ. ಆದರೆ ಇದು ಪುಸ್ತಕದ ಮಾತು. ಒಂದೇ ಕಾರ್ಖಾನೆಯಲ್ಲಿ ತಯಾರಾದ ಎರಡು ಕೋವಿಗಳೂ ಒಂದೇ ತೋಟಾವನ್ನು ಬೇರೆಬೇರೆ ರೀತಿ ಹರಡುತ್ತವೆ. ದೊಡ್ಡ ಕಾಗದ ಕಟ್ಟಿ ತನ್ನ ಕೋವಿ, ತನ್ನ ಚೋಕ್, ತಾನು ಕೊಂಡ ತೋಟಾ ಮೂರನ್ನೂ ಕೂಡಿಸಿ ಹೊಡೆದು, ತೂತುಗಳನ್ನು ಎಣಿಸದವನಿಗೆ ತನ್ನ ತೋಟಾ ಏನು ಮಾಡುತ್ತದೆಂಬುದು ಗೊತ್ತಿರುವುದಿಲ್ಲ. ಬೇಸರದ ಕೆಲಸ ನಿಜ. ಬಹಳ ಮಂದಿ ಇದನ್ನು ಮಾಡುವುದೂ ಇಲ್ಲ, ಗಾಯಗೊಂಡು ತಪ್ಪಿಸಿಕೊಳ್ಳುವ ಹಕ್ಕಿಗಳಲ್ಲಿ ದೊಡ್ಡ ಪಾಲು ಈ ಉದಾಸೀನಕ್ಕೆ ಸಲ್ಲುತ್ತದೆ.

ಈಗ ಸೀಸದ ಕಥೆ. ಚರೆ ಎಂದರೆ ಸೀಸ ಎಂಬುದು ಶತಮಾನಗಳ ನಂಬಿಕೆ. ಸೀಸ ಭಾರ, ಮೆದು, ಅಗ್ಗ, ಬೇಗ ಕರಗುತ್ತದೆ. ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ 1782ರಲ್ಲಿ ಹಕ್ಕುಪತ್ರ ಪಡೆದ ಉಪಾಯ ಅದನ್ನು ಇನ್ನಷ್ಟು ಅಗ್ಗ ಮಾಡಿತು: ಕರಗಿದ ಸೀಸಕ್ಕೆ ಸ್ವಲ್ಪ ಆರ್ಸೆನಿಕ್ ಬೆರೆಸಿ, ಎತ್ತರದಿಂದ ಜರಡಿಯ ಮೂಲಕ ಸುರಿದರೆ ಹನಿಗಳು ಬೀಳುತ್ತಲೇ ಗುಂಡಗಾಗಿ, ಕೆಳಗಿನ ನೀರಿನಲ್ಲಿ ಗಟ್ಟಿಯಾಗುತ್ತವೆ. ಮುಂದೆ ಹಲವು ನಗರಗಳಲ್ಲಿ ಇದಕ್ಕೆಂದೇ ಗೋಪುರಗಳೆದ್ದವು. ಬಾಲ್ಟಿಮೋರಿನಲ್ಲಿ 1828ರಲ್ಲಿ ಕಟ್ಟಿದ 234 ಅಡಿಯ ಇಟ್ಟಿಗೆ ಗೋಪುರ ಇಂದಿಗೂ ನಿಂತಿದೆ.

ಒಂದು ತೋಟಾದ ನೂರಾರು ಚರೆಯಲ್ಲಿ ಹಕ್ಕಿಗೆ ತಾಗುವುದು ನಾಲ್ಕೋ ಐದೋ. ಉಳಿದದ್ದು ಕೆಸರಿಗೆ ಬೀಳುತ್ತದೆ. ಬಾತಿಗೆ ಹಲ್ಲಿಲ್ಲ, ಕಾಳು ಅರೆಯಲು ಅದು ಸಣ್ಣ ಕಲ್ಲು, ಮರಳನ್ನು ಹೆಕ್ಕಿ ನುಂಗಿ ಕಲ್ಲುಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಕೆಸರು ಕೆದಕುವ ಕೊಕ್ಕಿಗೆ ಸಿಗುವ ಸೀಸದ ಚರೆ ಕಲ್ಲಿನಂತೆಯೋ ಬೀಜದಂತೆಯೋ ಕಾಣುತ್ತದೆ. ಹೊಟ್ಟೆಯ ಸ್ನಾಯು ಅದನ್ನು ಅರೆಯುತ್ತದೆ, ಆಮ್ಲ ಕರಗಿಸುತ್ತದೆ, ಸೀಸ ರಕ್ತಕ್ಕೆ ಸೇರುತ್ತದೆ. ಕೆಲವೇ ದಿನಗಳಲ್ಲಿ ಆ ಕಲ್ಲುಹೊಟ್ಟೆಗೇ ಲಕವಾ ಹೊಡೆಯುತ್ತದೆ. ತಿಂದದ್ದು ಮುಂದೆ ಸಾಗದೆ, ಗಂಟಲವರೆಗೆ ಕಾಳು ತುಂಬಿಕೊಂಡಿದ್ದರೂ ಹಕ್ಕಿ ಉಪವಾಸದಿಂದ ಸೊರಗುತ್ತದೆ. ಎದೆಯೆಲುಬು ಏಳುತ್ತದೆ, ಹಿಕ್ಕೆ ಹಸಿರಾಗುತ್ತದೆ, ರೆಕ್ಕೆ ಜೋತುಬೀಳುತ್ತದೆ. ಎರಡು ಮೂರು ವಾರದಲ್ಲಿ ಸಾವು. ಒಂದೆರಡು ಚರೆ ಸಾಕು. ಕಾಯಿಲೆಯ ಬಾತು ಜೊಂಡಿನೊಳಗೆ ಅಡಗಿ ಒಂಟಿಯಾಗಿ ಸಾಯುವುದರಿಂದ, ನರಿಯೋ ಹದ್ದೋ ಅದನ್ನು ಬೇಗ ಮುಗಿಸುವುದರಿಂದ, ಈ ಸಾವುಗಳು ಯಾರ ಕಣ್ಣಿಗೂ ಬೀಳಲಿಲ್ಲ.

ಯಾರಿಗೂ ತಿಳಿದೇ ಇರಲಿಲ್ಲವೆಂದಲ್ಲ. ಅಮೆರಿಕದ ನಿಸರ್ಗವಾದಿ ಜಾರ್ಜ್ ಬರ್ಡ್ ಗ್ರಿನೆಲ್ ತಮ್ಮ ಬೇಟೆ ಪತ್ರಿಕೆಯಲ್ಲಿ 1894ರಲ್ಲೇ ಬಾತುಗಳ ಸೀಸವಿಷದ ಬಗ್ಗೆ ಬರೆದಿದ್ದರು. 1959ರಲ್ಲಿ ಇಲಿನಾಯ್‌ನ ವಿಜ್ಞಾನಿ ಫ್ರಾಂಕ್ ಬೆಲ್‌ರೋಸ್ ಲೆಕ್ಕ ಹಾಕಿ, ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ನೂರಕ್ಕೆ ಎರಡು ಮೂರು ಪ್ರತಿ ವರ್ಷ ಇದರಿಂದ ಸಾಯುತ್ತಿವೆ ಎಂದರು. ಆದರೂ ಕಾನೂನು ಕದಲಲು ಇನ್ನೂ ಮೂರು ದಶಕ ಹಿಡಿಯಿತು. ಕದಲಿಸಿದ್ದು ಬಾತಿಗಿಂತ ಹೆಚ್ಚಾಗಿ ಅಮೆರಿಕದ ರಾಷ್ಟ್ರಚಿಹ್ನೆಯಾದ ಬಿಳಿತಲೆ ಹದ್ದು. ಗಾಯಗೊಂಡ, ವಿಷವೇರಿದ ಬಾತುಗಳನ್ನು ತಿಂದು ಹದ್ದುಗಳೂ ಸಾಯುತ್ತಿದ್ದವು. ನ್ಯಾಷನಲ್ ವೈಲ್ಡ್‌ಲೈಫ್ ಫೆಡರೇಷನ್ ಸರ್ಕಾರದ ಮೇಲೆ ದಾವೆ ಹೂಡಿತು. 1987ರಿಂದ ಹಂತಹಂತವಾಗಿ ಜಾರಿಯಾಗಿ, 1991ರ ಬೇಟೆಯ ಕಾಲದಿಂದ ಇಡೀ ದೇಶದಲ್ಲಿ ನೀರುಹಕ್ಕಿಯ ಮೇಲೆ ಸೀಸದ ಚರೆ ಹಾರಿಸುವುದು ಅಪರಾಧವಾಯಿತು.

ಫಲ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ. ಮಿಸಿಸಿಪಿ ದಾರಿಯ ಬಾತುಗಳ ಕಲ್ಲುಹೊಟ್ಟೆ ಬಗೆದು ನೋಡಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಸೀಸವಿಷದಿಂದ ಸಾಯುವ ಮಲ್ಲಾರ್ಡ್‌ಗಳ ಪ್ರಮಾಣ ನೂರಕ್ಕೆ 64ರಷ್ಟು ತಗ್ಗಿದೆ ಎಂದೂ, 1997ರ ಒಂದೇ ವರ್ಷದಲ್ಲಿ ಉತ್ತರ ಅಮೆರಿಕದಲ್ಲಿ 14 ಲಕ್ಷ ಬಾತುಗಳು ಬದುಕಿದವೆಂದೂ ಅದು ಅಂದಾಜಿಸಿತು. ತೋಟಾದೊಳಗಿನ ಲೋಹ ಬದಲಿಸಿದ್ದಕ್ಕೆ ಸಿಕ್ಕ ಫಲ ಇದು. ವನ್ಯಜೀವಿ ರಕ್ಷಣೆಯ ಇತಿಹಾಸದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಜೀವ ಉಳಿಸಿದ ಕ್ರಮಗಳು ಹೆಚ್ಚಿಲ್ಲ ಎಂದು ನನಗನ್ನಿಸುತ್ತದೆ.

ಬೇಟೆಗಾರರು ಮಾತ್ರ ಆಗ ಸಿಟ್ಟಾಗಿದ್ದರು. ಸ್ಟೀಲ್ ಚರೆ ಹಕ್ಕಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡುತ್ತದೆ, ನಳಿಗೆ ಹಾಳುಮಾಡುತ್ತದೆ ಎಂಬುದು ದೂರು. ಅದರಲ್ಲಿ ನಿಜವೂ ಇತ್ತು, ಅದನ್ನು ಬಿಡಿಸಿ ನೋಡಬೇಕು. ಸೀಸದ ಸಾಂದ್ರತೆ ಹನ್ನೊಂದರ ಮೇಲೆ, ಉಕ್ಕಿನದು ಎಂಟಕ್ಕೂ ಕಡಿಮೆ. ಅಷ್ಟೇ ಗಾತ್ರದ ಉಕ್ಕಿನ ಚರೆ ಸುಮಾರು ನೂರಕ್ಕೆ ಮೂವತ್ತರಷ್ಟು ಹಗುರ. ಹೊಟ್ಟನ್ನು ತೂರಿದಾಗ ಕಾಳಿನಷ್ಟು ದೂರ ಹೋಗದಿರುವ ಹಾಗೆ, ಹಗುರ ಚರೆ ಗಾಳಿಯ ತಡೆಗೆ ಬೇಗ ಸೋಲುತ್ತದೆ. ಸೆಕೆಂಡಿಗೆ 1,400 ಅಡಿ ವೇಗದಲ್ಲಿ ಹೊರಟ 2ನೇ ನಂಬರಿನ ಸ್ಟೀಲ್ ನಲವತ್ತು ಗಜ ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ವೇಗ ಕಳೆದುಕೊಂಡಿರುತ್ತದೆ. ಅದಕ್ಕೇ ಎರಡು ನಂಬರು ದಪ್ಪದ್ದು ಹಾಕಿ ಎಂಬ ಸೂತ್ರ ಬಂದದ್ದು. ಸೀಸದ 4ರ ಜಾಗದಲ್ಲಿ ಸ್ಟೀಲಿನ 2. ತೂಕ ನೋಡಿದರೆ ಸರಿಹೊಂದುತ್ತದೆ: ಮೊದಲನೆಯದು ಸುಮಾರು 0.21 ಗ್ರಾಂ, ಎರಡನೆಯದು 0.23.

ಆದರೆ ತೂಕ ಸಮವಾದ ಮಾತ್ರಕ್ಕೆ ಎರಡೂ ಒಂದೇ ಆಳಕ್ಕೆ ಇಳಿಯುವುದಿಲ್ಲ. ಸ್ಟೀಲಿನ ಚರೆಯ ಮುಖ ಅಗಲ, ಗಾಳಿಯೂ ಮಾಂಸವೂ ಅದನ್ನು ಹೆಚ್ಚು ತಡೆಯುತ್ತವೆ. ವೇಗ ಒಂದೇ ಆಗಿದ್ದರೆ ಚರೆ ಎಷ್ಟು ಆಳಕ್ಕೆ ಹೋಗುತ್ತದೆಂಬುದು ಸಾಂದ್ರತೆಯನ್ನು ಅಡ್ಡಳತೆಯಿಂದ ಗುಣಿಸಿದಾಗ ಬರುವ ಗುಣಲಬ್ಧವನ್ನು ಅವಲಂಬಿಸಿದೆ. ಆ ಲೆಕ್ಕದಲ್ಲಿ ಸೀಸದ 4ನ್ನು ನಿಜವಾಗಿ ಸರಿಗಟ್ಟಲು ಸ್ಟೀಲಿನ ಬಿಬಿವರೆಗೆ, ಅಂದರೆ 4.6 ಮಿಲಿಮೀಟರಿನವರೆಗೆ ಹೋಗಬೇಕು. ಹೋದರೆ ಎಣಿಕೆ ಇಳಿದು ಹರಡುವಿಕೆ ಬಡವಾಗುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಪ್ರಾಮಾಣಿಕ ದಾರಿ ಒಂದೇ: ಸ್ಟೀಲಿನ 2 ಅಥವಾ 3 ಹಾಕಿ, ದೂರವನ್ನು ಕಡಿಮೆ ಮಾಡುವುದು. ಮೂವತ್ತೈದು ಗಜದೊಳಗೆ ಬಂದ ಬಾತನ್ನು ಸ್ಟೀಲ್ ಯಾವ ಅನುಮಾನವೂ ಇಲ್ಲದೆ ಕೊಲ್ಲುತ್ತದೆ. ಅದಕ್ಕೊಂದು ಅನುಕೂಲವೂ ಇದೆ. ಸೀಸದ ಚರೆ ನಳಿಗೆಯ ಒತ್ತಡಕ್ಕೆ ಚಪ್ಪಟೆಯಾಗಿ ಅಡ್ಡಾದಿಡ್ಡಿ ಹಾರುತ್ತದೆ. ಉಕ್ಕು ಗುಂಡಗೇ ಉಳಿಯುವುದರಿಂದ ಹರಡುವಿಕೆ ಬಿಗಿಯಾಗಿರುತ್ತದೆ. ಆದ್ದರಿಂದ ಫುಲ್ ಚೋಕ್ ಬೇಡ, ಮಾಡಿಫೈಡ್ ಅಥವಾ ಇಂಪ್ರೂವ್ಡ್ ಸಿಲಿಂಡರ್ ಸಾಕು. ಗಟ್ಟಿ ಚರೆಯನ್ನು ಬಿಗಿ ಚೋಕಿನ ಮೂಲಕ ನುಗ್ಗಿಸಿದರೆ ನಳಿಗೆಯ ತುದಿ ಉಬ್ಬಬಹುದು. ಅಜ್ಜನ ಕಾಲದ ತೆಳು ನಳಿಗೆಗೆ ಸ್ಟೀಲ್ ಆಗುವುದಿಲ್ಲ.

ಅಂಥ ಹಳೆಯ ಕೋವಿಯುಳ್ಳವರಿಗೆ ಬಿಸ್ಮತ್ ಇದೆ. ಸಾಂದ್ರತೆ 9.6ರ ಹತ್ತಿರ, ಉಕ್ಕಿಗಿಂತ ಮೆದು, ವಿಷವಿಲ್ಲ. ಬೆಲೆ ಮಾತ್ರ ಸ್ಟೀಲಿಗಿಂತ ಬಹಳ ಹೆಚ್ಚು. ಟಂಗ್‌ಸ್ಟನ್ ಇನ್ನೂ ದುಬಾರಿ. ಅದರ ಅತಿಭಾರದ ಬಗೆಯಲ್ಲಿ ಸಾಂದ್ರತೆ 18. ಹಾಗಾಗಿ 2 ಮಿಲಿಮೀಟರಿನ 9ನೇ ನಂಬರು ಸೀಸದ 5ಕ್ಕೆ ಸಮನಾಗಿ ಆಳಕ್ಕಿಳಿಯುತ್ತದೆ, ಎಣಿಕೆಯೂ ಹೇರಳ. ಟರ್ಕಿ ಕೋಳಿಯ ಬೇಟೆಗಾರರು ಇದನ್ನು ಮೆಚ್ಚಿದ್ದಾರೆ. ಆದರೆ ಅರವತ್ತು ಎಪ್ಪತ್ತು ಗಜದ ಹೊಡೆತಕ್ಕೆ ಇದು ಆಸೆ ಹುಟ್ಟಿಸುತ್ತದೆ. ಅಷ್ಟು ದೂರದ ಹಾರುವ ಹಕ್ಕಿಗೆ ಗುರಿಯಿಡಬಲ್ಲವರು ಬಹಳ ಕಡಿಮೆ, ತೋಟಾ ಎಷ್ಟೇ ಒಳ್ಳೆಯದಿದ್ದರೂ.

ದೂರದ ಮಾತಿಗೆ ಡೆನ್ಮಾರ್ಕಿನ ಅನುಭವಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅಲ್ಲಿನ ವಿಜ್ಞಾನಿಗಳು 1990ರ ದಶಕದಲ್ಲಿ ಗುಲಾಬಿಕಾಲಿನ ಹೆಬ್ಬಾತುಗಳನ್ನು ಬಲೆಯಲ್ಲಿ ಹಿಡಿದು ಎಕ್ಸ್‌ರೇ ತೆಗೆದರು. ಚೆನ್ನಾಗಿ ಹಾರಾಡಿಕೊಂಡಿದ್ದ ವಯಸ್ಕ ಹಕ್ಕಿಗಳಲ್ಲಿ ಮೂರರಲ್ಲಿ ಒಂದರ ಮೈಯಲ್ಲಿ ಚರೆ ಹುದುಗಿತ್ತು. ಹೊಡೆದವರಿಗೆ ತಾವು ತಪ್ಪಿದೆವೆಂದಷ್ಟೇ ಗೊತ್ತಿತ್ತು, ತಾಗಿದ್ದು ಗೊತ್ತಿರಲಿಲ್ಲ. ಬೇಟೆಗಾರರ ಸಂಘವೂ ಸರ್ಕಾರವೂ ಸೇರಿ ದೂರ ತಗ್ಗಿಸುವ, ತೋಟಾ ಮತ್ತು ಹರಡುವಿಕೆಯ ಬಗ್ಗೆ ತಿಳಿಹೇಳುವ ಕಾರ್ಯಕ್ರಮವನ್ನು 1997ರಲ್ಲಿ ಕೈಗೆತ್ತಿಕೊಂಡವು. ಚರೆ ಹೊತ್ತ ಹಕ್ಕಿಗಳ ಪ್ರಮಾಣ ಮುಂದಿನ ವರ್ಷಗಳಲ್ಲಿ ಇಳಿಯಿತು. ಡೆನ್ಮಾರ್ಕ್ ಅದಕ್ಕೂ ಮೊದಲೇ, 1996ರಲ್ಲಿ, ಸೀಸದ ಚರೆಯನ್ನು ಎಲ್ಲ ಬೇಟೆಗೂ ನಿಷೇಧಿಸಿತ್ತು. ಅಲ್ಲಿ ಬೇಟೆ ನಿಂತಿಲ್ಲ, ಕೋವಿ ಮಾರಾಟ ನಿಂತಿಲ್ಲ.

ಹೀಗಿರುವಾಗ ಬೇರೆ ದೇಶಗಳ ತಡವರಿಕೆ ನೋಡಲು ಕಷ್ಟ. ಯುರೋಪಿನ ಒಕ್ಕೂಟದಲ್ಲಿ ಜೌಗು ಪ್ರದೇಶ ಮತ್ತು ಅದರ ಸುತ್ತಲಿನ ನೂರು ಮೀಟರಿನೊಳಗೆ ಸೀಸದ ಚರೆ ನಿಂತದ್ದು 2023ರ ಫೆಬ್ರುವರಿಯಲ್ಲಿ. ಬ್ರಿಟನ್ನಿನ ಒಂಬತ್ತು ಬೇಟೆ ಮತ್ತು ಗ್ರಾಮೀಣ ಸಂಘಟನೆಗಳು 2020ರಲ್ಲಿ, ಐದು ವರ್ಷದಲ್ಲಿ ತಾವಾಗಿಯೇ ಸೀಸ ಬಿಡುತ್ತೇವೆಂದು ಒಪ್ಪಿಕೊಂಡವು. ಆದರೆ ಸಂಶೋಧಕರು ಮಾರುಕಟ್ಟೆಯಲ್ಲಿ ಫೆಸೆಂಟ್ ಕೊಂಡು ಬಗೆದು ನೋಡಿದಾಗಲೆಲ್ಲ ಸಿಕ್ಕ ಚರೆಯಲ್ಲಿ ಬಹುಪಾಲು ಸೀಸವೇ. ಕೊನೆಗೆ 2025ರ ಜುಲೈಯಲ್ಲಿ ಸರ್ಕಾರ ಕಾನೂನಿನ ನಿಷೇಧ ಘೋಷಿಸಿ ಮೂರು ವರ್ಷದ ಕಾಲಾವಕಾಶ ಕೊಟ್ಟಿತು. ಅಮೆರಿಕದಲ್ಲೂ ಬೆಳವ, ಲಾವಕ್ಕಿ, ಫೆಸೆಂಟ್‌ಗಳಿಗೆ ಹೆಚ್ಚಿನ ರಾಜ್ಯಗಳಲ್ಲಿ ಸೀಸ ಇನ್ನೂ ಸಲ್ಲುತ್ತದೆ. ಕ್ಯಾಲಿಫೋರ್ನಿಯಾ ಮಾತ್ರ 2019ರ ಜುಲೈಯಿಂದ ಎಲ್ಲ ಬೇಟೆಗೂ ಸೀಸ ನಿಲ್ಲಿಸಿತು. 1982ರಲ್ಲಿ ಬರೀ 22 ಉಳಿದಿದ್ದ ಕಾಂಡೋರ್ ರಣಹದ್ದುಗಳನ್ನು ಸೆರೆಯಲ್ಲಿ ಬೆಳೆಸಿ ಕಾಡಿಗೆ ಬಿಟ್ಟರೆ, ಬೇಟೆಯ ಅವಶೇಷದಲ್ಲಿನ ಸೀಸ ತಿಂದು ಅವು ಮತ್ತೆ ಸಾಯುತ್ತಿದ್ದುದೇ ಇದಕ್ಕೆ ಕಾರಣ.

ಬೇಟೆಗಾರರ ಪರವಾಗಿಯೂ ಒಂದು ಮಾತು ಹೇಳಬೇಕು. 1934ರಿಂದ ಅಮೆರಿಕದ ಪ್ರತಿ ವಯಸ್ಕ ಬಾತು ಬೇಟೆಗಾರ ಒಂದು ಅಂಚೆಚೀಟಿಯಂಥ ಪರವಾನಗಿ ಕೊಳ್ಳಬೇಕು. ಆಗ ಒಂದು ಡಾಲರ್, ಈಗ ಇಪ್ಪತ್ತೈದು. ಆ ಹಣದಿಂದ ಜೌಗು ಭೂಮಿ ಕೊಂಡು ಕಾಪಾಡುತ್ತಾರೆ. 1937ರ ಕಾಯ್ದೆಯಂತೆ ತೋಟಾದ ಮೇಲೆ ಶೇಕಡಾ 11 ತೆರಿಗೆ, ಅದೂ ವನ್ಯಜೀವಿಗಳಿಗೇ ಮೀಸಲು. ಇದರಿಂದ ಕೊಲ್ಲುವುದು ಎಲ್ಲರ ಕಣ್ಣಲ್ಲೂ ಸರಿಯೆನಿಸದು. ಆದರೆ ನಮ್ಮ ಕೆರೆಗಳು ಬಡಾವಣೆಯಾಗುವುದನ್ನು ನೋಡಿರುವ ನನಗೆ, ಕೆರೆ ಉಳಿಸಲು ಕಟ್ಟಿದ ಆ ಪದ್ಧತಿಯ ಬಗ್ಗೆ ಗೌರವವಿದೆ.

ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ವಿಸ್ತರಿಸಿದೆ. ಕೈಲ್ ಪೊಳ್ದಿನ ಆಯುಧಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತಲೇ ಇರುತ್ತವೆ, ಇರಬೇಕು ಕೂಡ. ಪಂದ್ಯ ಏರ್ಪಡಿಸುವವರಲ್ಲಿ ಒಂದು ವಿನಂತಿ: ಗದ್ದೆ, ಕೆರೆ, ತೋಡಿನ ಕಡೆಗೆ ಮುಖಮಾಡಿ ಗುರಿ ನೆಡಬೇಡಿ, ಸೀಸ ಬೀಳುವ ಜಾಗ ಒಣ ದಿಬ್ಬವಾಗಿರಲಿ, ಬಿದ್ದದ್ದನ್ನು ಹೆಕ್ಕಿ ತೆಗೆಯುವಂತಿರಲಿ.

ಹೊರದೇಶದಲ್ಲಿ ನೆಲೆಸಿ, ಅಲ್ಲಿನ ಪರವಾನಗಿ ಪಡೆದು ಬಾತು ಬೇಟೆಗೆ ಹೊರಡುವ ಕನ್ನಡಿಗರು ಯಾವ ತೋಟಾ ಎಂದು ಕೇಳಿದರೆ ನನ್ನ ಉತ್ತರ ಇಷ್ಟು. 12 ಗೇಜ್, ಮೂರಿಂಚು, ಕೋವಿಯ ಕೋಣೆ ಅದಕ್ಕೆ ಒಪ್ಪಿದರೆ. ಒಂದೂಕಾಲು ಔನ್ಸ್ ಸ್ಟೀಲ್, ನಂಬರು 2. ಮಾಡಿಫೈಡ್ ಚೋಕ್. ಕೋವಿ ಹಳೆಯದಾದರೆ ಬಿಸ್ಮತ್ 4, ಅದೂ ಕೋವಿ ದುರಸ್ತಿ ಬಲ್ಲವರಿಗೆ ತೋರಿಸಿದ ಮೇಲೆ. ಮೂವತ್ತೈದು ಗಜದಾಚೆ ಬೆರಳು ಕುದುರೆಗೆ ಹೋಗಬಾರದು. ಬೇಟೆಯ ಕಾಲ ತೆರೆಯುವ ಮೊದಲು ಒಂದು ಭಾನುವಾರ ಕಾಗದ ಕಟ್ಟಿ ಹೊಡೆದು, ಮೂವತ್ತಿಂಚಿನ ವೃತ್ತದೊಳಗಿನ ತೂತುಗಳನ್ನು ಎಣಿಸಿ. ತೊಂಬತ್ತರ ಆಸುಪಾಸು ಬರಬೇಕು. ಬರದಿದ್ದರೆ ಚೋಕ್ ಬದಲಿಸಿ, ಇಲ್ಲವೇ ತೋಟಾ ಬದಲಿಸಿ. ಎರಡೂ ಆಗದಿದ್ದರೆ ಆ ಕೋವಿಯನ್ನು ಹಕ್ಕಿಯ ಕಡೆ ಎತ್ತಬೇಡಿ.